ಜಪಾನಿ ಖಡ್ಗಕ್ಕೆ ಕಟ್ಟಿದ್ದ ಅರಿವೆ

ನಮ್ಮ ಪ್ರದರ್ಶನ ಇರಬೇಕೋ ಮುಚ್ಚಬೇಕೋ ಎಂಬುದನ್ನು ಹುನಗುಂದದ ಡಾಕ್ಟರ ಮನೆಯ ಪಡಸಾಲೆಯಲ್ಲಿ, ಮಂಡಕ್ಕಿಯ ಗಿರಮಿಟ್ಟು ತಿನ್ನುತ್ತ ಚರ್ಚೆ ಮಾಡಿದೆವು. ಡಾಕ್ಟರು ಅದಕ್ಕೆ 'ಪ್ರದರ್ಶನದ ಭವಿಷ್ಯ' ಎಂದು ಹೆಸರಿಟ್ಟಿದ್ದರು. ಹಳೆಯ ತಲವಾರು, ಕಠಾರಿ, ಢಾಲು ಕೂಡಿಹಾಕುವ ಹುಚ್ಚಿನ ಏಳೆಂಟು ಜನ ನಾವು. ಪ್ರತಿ ವರ್ಷ ಖಂಡೇನವಮಿಗೆ, ಆಯುಧಗಳಿಗೆ ಪೂಜೆ ಮಾಡುವ ಆ ದಿನಕ್ಕೆ ಸರಿಯಾಗಿ, ಬಾಗಲಕೋಟೆಯ ನವನಗರದಲ್ಲಿ ಒಂದು ಸಮುದಾಯ ಭವನ ಹಿಡಿದು ಅವನ್ನೆಲ್ಲ ಟೇಬಲ್ಲಿನ ಮೇಲೆ ಹರವುತ್ತಿದ್ದೆವು. ಮೊದಮೊದಲು ಸಾಲಿಯ ಹುಡುಗರು ಸಾಲು ಹಚ್ಚಿ ಬರುತ್ತಿದ್ದರು. ಈಗ ಬರುವವರಿಗೆ ತಲವಾರು ಬೇಡ, ತಲವಾರು ಹಿಡಿದ ತಮ್ಮ ಫೋಟೋ ಬೇಕು. ಕೊಡುವುದಿಲ್ಲ ಎಂದರೆ ನಮ್ಮನ್ನೇ ಕೆಕ್ಕರಿಸಿ ನೋಡಿ ಹೋಗುತ್ತಾರೆ. ಪೊಲೀಸರ ಪರವಾನಗಿಗೆ ಓಡಾಡುವಷ್ಟರಲ್ಲಿ ನಮ್ಮ ಚಪ್ಪಲಿ ಸವೆದಿರುತ್ತದೆ.

ಈ ಸಲ ಡಾಕ್ಟರು ಒಂದು ದಾರಿ ಹುಡುಕಿದ್ದರು. ಬಾದಾಮಿಯಲ್ಲಿ ದೊಡ್ಡ ಹೋಟೆಲು ಕಟ್ಟಿಸಿದವರೊಬ್ಬರು ನಮ್ಮ ಪ್ರದರ್ಶನಕ್ಕೆ ಕಾಯಂ ಒಂದು ದೊಡ್ಡ ಕೋಣೆ ಕೊಡುತ್ತಾರಂತೆ. ಗುಹೆ ನೋಡಲು ಬಂದ ಪ್ರವಾಸಿಗರು ಊಟ ಮುಗಿಸಿ, ತಲೆಗೆ ರುಮಾಲು ಸುತ್ತಿಕೊಂಡು, ನಮ್ಮ ಸಾಮಾನಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬಹುದಂತೆ.

"ಒಂದ ಕರಾರು ಐತಿ," ಎಂದರು ಡಾಕ್ಟರು. "ಆ ಜಪಾನಿ ಖಡ್ಗ ನಟ್ಟನಡುವ ಇರಬೇಕಂತ. ನಮ್ಮ ಹಳೇ ಕರಪತ್ರದಾಗ ಅದರ ಫೋಟೋ ನೋಡ್ಯಾರ. ಅದಿಲ್ಲಂದ್ರ ಉಳಿದಿದ್ದು ಎಲ್ಲಾ ಊರಾಗೂ ಸಿಗತೈತಿ, ನಮಗ ಬ್ಯಾಡ ಅಂದಾರ."

ಎಲ್ಲರೂ ನನ್ನ ಕಡೆ ತಿರುಗಿದರು. ಖಡ್ಗ ಇದ್ದದ್ದು ಇಳಕಲ್ಲಿನ ಒಬ್ಬ ಹಿರಿಯ ಹೆಣ್ಣುಮಗಳ ಮನೆಯಲ್ಲಿ. ಮೂರು ವರ್ಷದ ಹಿಂದೆ ಒಮ್ಮೆ ಅದನ್ನು ಕೇಳಿ ತಂದವನು ನಾನು. "ಮಾಸ್ತರ ಒಂದ ಮಾತು ಕೇಳಿದ್ರ ಆ ಅವ್ವಾರು ಇಲ್ಲ ಅನ್ನಾಂಗಿಲ್ಲ," ಎಂದರು ಯಾರೋ. ನಾನು ಬಾಯಿತುಂಬ ಗಿರಮಿಟ್ಟು ಹಾಕಿಕೊಂಡು ಸುಮ್ಮನೆ ಕುಳಿತೆ. ಯಾಕೆ ಸುಮ್ಮನೆ ಕುಳಿತೆ ಎಂಬುದನ್ನು ಅಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಸವೆದವನು. ಹಳೇ ಬಾಗಲಕೋಟೆಯ ಓಣಿಗಳು ಅಣೆಕಟ್ಟಿನ ಹಿನ್ನೀರಿನ ಪಾಲಾಗುವಾಗ ಜನ ಮನೆ ಬಿಡುವ ಗಡಿಬಿಡಿಯಲ್ಲಿ ಅಟ್ಟದ ಮೇಲಿನದನ್ನೆಲ್ಲ ಗುಜರಿಗೆ ಹಾಕಿದರು. ತಿಜೋರಿ ಹೊತ್ತುಕೊಂಡು ಹೋದರು, ಮುತ್ತಜ್ಜನ ತಲವಾರು ಬಿಟ್ಟು ಹೋದರು. ನಾನು ಗುಜರಿ ಅಂಗಡಿಯ ಮುಂದೆ ನಿಂತು ಮುರಿದ ಕಿಟಕಿ ಸರಳುಗಳ ನಡುವಿನಿಂದ ಒಂದೊಂದನ್ನೇ ಎಳೆದುಕೊಂಡು ಬಂದೆ. "ಮನ್ಯಾಗ ಕಾಯಿಪಲ್ಯ ಹೆಚ್ಚಾಕ ನೆಟ್ಟಗಿಂದೊಂದು ಚಾಕು ಇಲ್ಲ, ಇವರಿಗೆ ಹತ್ತು ತಲವಾರು ಬೇಕು," ಎಂದು ಹೆಂಡತಿ ಬಂದವರ ಮುಂದೆಲ್ಲ ಆಡಿಕೊಂಡಳು. ಆಡಿಕೊಳ್ಳಲಿ ಬಿಡು ಎಂದುಕೊಂಡೆ. ಊರೆಲ್ಲ ಬಿಸಾಡಿದ್ದನ್ನು ಉಳಿಸಿದವನು ನಾನೊಬ್ಬನೇ ಎಂಬ ಸೊಕ್ಕು ತಲೆಗೇರಿತ್ತು. ಆ ಸೊಕ್ಕಿನ ಮೇಲೆಯೇ ಪ್ರದರ್ಶನ ಹುಟ್ಟಿತು.

ನನ್ನ ಜೊತೆಗೆ ಮೊದಲಿನಿಂದ ಇದ್ದವನು ಬಾದಾಮಿಯ ಒಬ್ಬ ಗೆಳೆಯ. ಸಿಕಲಗಾರರ ಮನೆತನ, ಅವನ ಹಿರಿಯರು ಕತ್ತಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದವರು. ಅವನದು ಈಗ ವೆಲ್ಡಿಂಗ್ ಅಂಗಡಿ. ಆದರೂ ಅಲಗಿಗೆ ಉಗುರು ತಾಗಿಸಿ ಕಿವಿಯ ಹತ್ತಿರ ಹಿಡಿದರೆ ಸಾಕು, ಇದು ಕುಲುಮೆಯದೋ ಕಾರ್ಖಾನೆಯದೋ ಹೇಳಿಬಿಡುತ್ತಾನೆ. ನಾನು ಅವನನ್ನು ಭಾಯಿ ಎಂದು ಕರೆಯುತ್ತೇನೆ. ನಾನು ಪುಸ್ತಕ ಓದಿ ಕಲಿತದ್ದು ಅವನ ಬೆರಳಿಗೆ ಹುಟ್ಟಿನಿಂದ ಗೊತ್ತಿತ್ತು. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು ಎಂದು ಈಗ ಒಪ್ಪಿಕೊಂಡರೆ ತಪ್ಪೇನಿಲ್ಲ.

ಇಳಕಲ್ಲಿನ ನೇಕಾರರ ಮನೆಯೊಂದರಲ್ಲಿ ಜಪಾನಿ ಖಡ್ಗವಿದೆ ಎಂಬ ಸುದ್ದಿ ಸಿಕ್ಕಾಗ ನಾವಿಬ್ಬರೂ ಬಸ್ಸು ಹತ್ತಿ ಹೋದೆವು. ಮುಂದಿನ ಕೋಣೆಯಲ್ಲಿ ಮಕ್ಕಳ ಪವರ್‌ಲೂಮುಗಳು ಕಿವಿ ಒಡೆಯುವಂತೆ ಬಡಿದುಕೊಳ್ಳುತ್ತಿದ್ದವು. ಹಿಂದಿನ ಕೋಣೆಯಲ್ಲಿ ಆ ತಾಯಿ ಕೈಮಗ್ಗದ ಮುಂದೆ ಕುಳಿತು ಕೊಂಡಿ ಹಾಕುತ್ತಿದ್ದರು. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಜೋಡಣೆ ಮಾಡುವ ಕೆಲಸ ಅದು. ಎಪ್ಪತ್ತು ದಾಟಿದ ಬೆರಳುಗಳು ನಾವು ಮಾತಾಡಿಸಿದರೂ ನಿಲ್ಲಲಿಲ್ಲ.

ಖಡ್ಗ ದೇವರ ಜಗಲಿಯ ಮೇಲಿತ್ತು. ಅವರ ಮಾವ ತರುಣರಿದ್ದಾಗ ಮಗ್ಗ ಬಿಟ್ಟು ದಂಡಿಗೆ ಸೇರಿ ಬರ್ಮಾದಲ್ಲಿ ಕಾದಿದವರು. ಯುದ್ಧ ಮುಗಿದು ಜಪಾನಿನವರು ಶಸ್ತ್ರ ಒಪ್ಪಿಸುವಾಗ ಒಬ್ಬ ಅಧಿಕಾರಿ ತನ್ನ ಖಡ್ಗವನ್ನು ಇವರ ಕೈಗೆ ಕೊಟ್ಟನಂತೆ. ಕೊಡುವ ಮೊದಲು ಅಂಗೈ ಅಗಲದ ಬಿಳಿ ಅರಿವೆಯ ಮೇಲೆ ಮಸಿಯಿಂದ ಏನೋ ಬರೆದು, ಮಡಚಿ, ಹಿಡಿಕೆಯ ಬುಡಕ್ಕೆ ಕಟ್ಟಿದನಂತೆ. ಅರಿವೆ ತೋರಿಸಿ ಎದೆ ಮುಟ್ಟಿಕೊಂಡನಂತೆ. ಬಳಿಕ ಸಮುದ್ರದ ಕಡೆ ಕೈ ಮಾಡಿದನಂತೆ. ಮಾವನಿಗೆ ಆ ಭಾಷೆ ಬರುತ್ತಿರಲಿಲ್ಲ. ಆದರೆ ತನ್ನ ಹೆಸರು ಮತ್ತು ತನ್ನ ಊರು ಎಂದು ಹೇಳಲು ಭಾಷೆ ಏನು ಬೇಕು?

"ಓದಾವ್ರು ಸಿಗೂತನಕಾ ಬಿಚ್ಚಬ್ಯಾಡ್ರಿ ಅಂತ ಹೇಳಿ ಹೋದ್ರು ನಮ್ಮ ಮಾವಾರು," ಎಂದರು ಆ ತಾಯಿ. "ಆ ಮನಿಯವರು ಎಲ್ಲೇರ ಇದ್ರ ಅವರಿಗೆ ಮುಟ್ಟಸಬೇಕು ಅಂತಿದ್ರು. ನಿಮ್ಮ ಪ್ರದರ್ಶನಕ್ಕ ಓದಿದವರು, ತಿಳದವರು ಭಾಳ ಮಂದಿ ಬರ್ತಾರಂತಲ್ರಿ ಮಾಸ್ತರ. ಯಾರಾರ ಓದಿ ಹೇಳಿದ್ರ ನನ್ನ ತಲಿ ಮ್ಯಾಲಿನ ಭಾರ ಇಳೀತೈತಿ. ಅದಕ್ಕ ಕೊಡ್ತೇನಿ ನೋಡ್ರಿ. ಆ ಅರಿವಿ ಒಂದು ಜ್ವಾಕಿ."

"ಹೂಂನ್ರೀ ಅವ್ವಾರ," ಎಂದೆ. ಅನ್ನುವಾಗ ನಾನು ಅವರ ಮುಖ ನೋಡುತ್ತಿರಲಿಲ್ಲ, ಟೇಪು ಹಿಡಿದು ಅಲಗಿನ ಉದ್ದ ಅಳೆಯುತ್ತಿದ್ದೆ. ಹಿಡಿಕೆಯ ಮೇಲೆ ಅಡ್ಡಡ್ಡ ಸುತ್ತಿದ ದಾರ, ಅದರ ಕೆಳಗೆ ಅಕ್ಕಿಕಾಳು ಅಂಟಿಸಿದಂತಹ ಮೀನಿನ ತೊಗಲು, ಸ್ವಲ್ಪವೇ ಬಾಗಿದ ಅಲಗು. ಇಷ್ಟು ವರ್ಷ ಪುಸ್ತಕದಲ್ಲಿ ಕಂಡದ್ದು ತೊಡೆಯ ಮೇಲಿತ್ತು. ಅರಿವೆ ನನ್ನ ಕಣ್ಣಿಗೆ ಬೀಳಲೇ ಇಲ್ಲ ಎಂದರೂ ನಡೆದೀತು. ವರ್ಷವರ್ಷವೂ ಪೂಜೆಯ ಅರಿಷಿಣ ಕುಂಕುಮ ಕುಡಿದು ಅದು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಅಲ್ಲೇ ಬಾಗಿಲ ಬೆಳಕಿನಲ್ಲಿ ಕರಪತ್ರಕ್ಕೆಂದು ಒಂದು ಫೋಟೋ ತೆಗೆದುಕೊಂಡೆ.

ಹೊರಗೆ ಬಂದ ಮೇಲೆ ಭಾಯಿ ಮೆಲ್ಲಗೆ ಹೇಳಿದ: "ಮಾಸ್ತರ್, ಅಲಗು ಕಾರ್ಖಾನಿ ಮಾಲು ಐತ್ರಿ. ಯುದ್ಧದ ಟೈಮಿನ್ಯಾಗ ಸಾವಿರಗಟ್ಲೆ ಬಡದ್ದು. ಖರೆ ಚೀಜು ಅಂದ್ರ ಆ ಅರಿವಿ."

"ನಿನಗ ಜಪಾನಿ ಕಬ್ಬಿಣದ್ದು ಏನ ಗೊತ್ತಲೇ ಭಾಯಿ," ಎಂದು ಅವನ ಬಾಯಿ ಮುಚ್ಚಿಸಿದೆ. ಅವನು ನಕ್ಕು ಎಲೆ ಅಡಿಕೆ ಹಾಕಿಕೊಂಡ. ಬಸ್ಸಿನಲ್ಲಿ ಇಡೀ ದಾರಿ ನಾನು ಅವನ ಹತ್ತಿರ ಮಾತಾಡಲಿಲ್ಲ.

ಕರಪತ್ರದ ಪುಣ್ಯದಿಂದ ಆ ವರ್ಷ ಭವನ ತುಂಬಿತು. ಗುಳೇದಗುಡ್ಡ, ಬೇವೂರು, ಶಿರೂರು, ಎಲ್ಲ ಕಡೆಯಿಂದ ಜನ ಬಂದರು. ನಮ್ಮ ಪ್ರದರ್ಶನ ಪೂಜೆಯಿಂದಲೇ ಶುರುವಾಗುವುದು ವಾಡಿಕೆ, ಆ ಪೂಜೆ ಮಾಡುವ ಮಾನ ನನ್ನದು. ಒಬ್ಬೊಬ್ಬರ ಮನೆಯಿಂದ ಬಂದ ಆಯುಧಕ್ಕೆ ಹೋದ ವರ್ಷದ ದಾರವೋ ಚಿಂದಿಯೋ ಕಟ್ಟಿಕೊಂಡೇ ಇರುತ್ತದೆ. ಹಳೆಯದನ್ನು ಕತ್ತರಿಸಿ ಬುಟ್ಟಿಗೆ ಹಾಕಬೇಕು, ಒರೆಸಬೇಕು, ಗುಳೇದಗುಡ್ಡದ ಹೊಸ ರವಿಕೆ ಖಣದ ಒಂದು ಪಟ್ಟಿ ಹರಿದು ಕಟ್ಟಬೇಕು, ಅರಿಷಿಣ ಕುಂಕುಮ ಏರಿಸಬೇಕು. ಖಂಡೇನವಮಿಗೆ ಆಯುಧದ ಮೇಲೆ ಹಳೆಯ ಬಟ್ಟೆ ಇರಬಾರದು. ನನ್ನ ಅಪ್ಪ ಹಾಗೆ ಮಾಡುತ್ತಿದ್ದ, ಅವನ ಅಪ್ಪನೂ ಹಾಗೆ ಮಾಡುತ್ತಿದ್ದನಂತೆ. ಮೂವತ್ತು ನಲವತ್ತು ಆಯುಧ, ಸುತ್ತ ಜನ, ಒಬ್ಬ ಪತ್ರಕರ್ತ ಬೇರೆ. ನನ್ನ ಕತ್ತರಿ ಓಡುತ್ತಿತ್ತು.

ಜಪಾನಿ ಖಡ್ಗಕ್ಕೆ ಬಂದಾಗ ಪಕ್ಕದಲ್ಲಿ ನಿಂತ ಭಾಯಿ, "ಅದು ಇರಲಿ ಬಿಡ್ರಿ ಮಾಸ್ತರ್, ಮನಿಯವರು ಕಟ್ಟಿದ್ದು," ಎಂದ.

ನಾನು ಅವನತ್ತ ತಿರುಗಿ, ಅಷ್ಟು ಜನರ ಮುಂದೆ, "ಪೂಜಾ ನಿನಗ ತಿಳಿಯಾಂಗಿಲ್ಲ, ಸುಮ್ನಿರು," ಎಂದೆ. ಎಷ್ಟೋ ವರ್ಷದ ಗೆಳೆಯನಿಗೆ ಹಾಗೆ ಅಂದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ನಾನು ಕತ್ತರಿಸಿದೆ. ಗಂಟು ಗಟ್ಟಿಯಾಗಿತ್ತು, ಎರಡು ಸಲ ಕತ್ತರಿ ಹಾಕಬೇಕಾಯಿತು. ಅಷ್ಟಾದರೂ ನನ್ನ ತಲೆಗೆ ಹೊಳೆಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಸಾಲಿಯಲ್ಲಿ ಎಷ್ಟು ಸಲ ಬೋರ್ಡಿನ ಮೇಲೆ ಬರೆಸಿದ್ದೆನೋ. ದೊಣ್ಣೆ ನಾನೇ ಆಗಬಹುದೆಂದು ಯಾವತ್ತೂ ಅನ್ನಿಸಿರಲಿಲ್ಲ. ಹಸಿರು ಖಣದ ಪಟ್ಟಿ ಕಟ್ಟಿ, ಹೂ ಏರಿಸಿ ಮುಂದಿನದಕ್ಕೆ ಹೋದೆ. ಆ ಸಂಜೆ ಬಾಡಿದ ಹೂವು, ಹಳೆಯ ದಾರ, ಚಿಂದಿ, ಎಲ್ಲ ತುಂಬಿದ ಬುಟ್ಟಿಯನ್ನು ಸ್ಕೂಟರಿನ ಮೇಲೆ ಇಟ್ಟುಕೊಂಡು ಹೋಗಿ ಹಿನ್ನೀರಿಗೆ ಬಿಟ್ಟು ಬಂದೆ. ಪೂಜೆಯದನ್ನು ಕಂಡಲ್ಲಿ ಎಸೆಯಬಾರದಲ್ಲ. ಅಷ್ಟು ಅಚ್ಚುಕಟ್ಟು ನಾನು.

ಮರುದಿನ ವಿಜಯದಶಮಿ, ಬನ್ನಿ ಕೊಡುವ ಹಬ್ಬ. ಮಧ್ಯಾಹ್ನದ ಹೊತ್ತಿಗೆ ಪುಣೆಯಿಂದ ಒಬ್ಬರು ಬಂದರು. ಜಪಾನಿ ಖಡ್ಗಗಳನ್ನೇ ಓದಿಕೊಂಡ ಮನುಷ್ಯ. ಯಾರದೋ ಮೊಬೈಲಿನಲ್ಲಿ ನಮ್ಮ ಕರಪತ್ರ ನೋಡಿ ಬಸ್ಸು ಹಿಡಿದು ಬಂದಿದ್ದರು. ಬಿಳಿ ಕೈಗವಸು ಹಾಕಿಕೊಂಡು, ಹಿಡಿಕೆಯ ಬಿದಿರು ಮೊಳೆಯನ್ನು ಮೆಲ್ಲಗೆ ತಟ್ಟಿ ತೆಗೆದು, ಹಿಡಿಕೆಯನ್ನೇ ಕಳಚಿಬಿಟ್ಟರು. ಒಳಗಿನ ತುಕ್ಕುಗಟ್ಟಿದ ಬುಡದ ಮೇಲೆ ಒಂದು ಸಣ್ಣ ಮುದ್ರೆ ಇತ್ತು. ಕಾರ್ಖಾನೆಯ ಮುದ್ರೆ. ಇಂಥವು ಲೆಕ್ಕವಿಲ್ಲದಷ್ಟು ಇವೆ, ಖಡ್ಗವೆಂದು ಇದಕ್ಕೆ ಹೆಚ್ಚಿನ ಬೆಲೆ ಇಲ್ಲ ಎಂದು ಹಿಂದಿಯಲ್ಲಿ ಹೇಳಿದರು. ನಾನು ಭಾಯಿಯ ಕಡೆ ನೋಡಲಿಲ್ಲ.

ಆಮೇಲೆ ಅವರು ಕೇಳಿದರು: ಇದಕ್ಕೆ ಏನಾದರೂ ಕಟ್ಟಿತ್ತೇ, ಮರದ ಚೂರೋ ಅರಿವೆಯೋ? ಶಸ್ತ್ರ ಒಪ್ಪಿಸುವಾಗ ಕೆಲವರು ಹೆಸರು, ಊರು ಬರೆದು ಕಟ್ಟುತ್ತಿದ್ದರು. ಫೋಟೋದಲ್ಲಿ ಏನೋ ಕಂಡಂತಾಯಿತು, ಅದಕ್ಕೇ ಇಷ್ಟು ದೂರ ಬಂದೆ. ಮಸಿ ಮಾಸಿದ್ದರೂ ಓದಿಸುವ ದಾರಿ ಇದೆ. ಅದೊಂದಿದ್ದರೆ ಆ ಮನೆಯವರನ್ನು ಹುಡುಕಿಸಬಹುದು ಎಂದರು.

ಎಲ್ಲವೂ ಒಂದೇ ಸಲಕ್ಕೆ ನೆನಪಾಯಿತು: ಇಳಕಲ್ಲಿನ ಹಿಂದಿನ ಕೋಣೆ, 'ಜ್ವಾಕಿ' ಎಂದ ದನಿ, ಎರಡು ಸಲ ಹಾಕಿದ ಕತ್ತರಿ. ತಲೆ ಎತ್ತಿದೆ. ಬಾಗಿಲಲ್ಲಿ ಆ ತಾಯಿ ನಿಂತಿದ್ದರು. ಖಡ್ಗ ಒಯ್ಯಲು ಮಗನ ಗಾಡಿಯಲ್ಲಿ ಬಂದಿದ್ದರು. ಕೈಯಲ್ಲಿ ಹಳೆಯ ಸೀರೆಯ ಚೀಲ. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಟೇಬಲ್ಲಿನ ಮೇಲಿದ್ದ ಹಿಡಿಕೆಯ ಹಸಿರು ಖಣವನ್ನು.

"ಏನೂ ಇರಲಿಲ್ಲರಿ," ಎಂದೆ ನಾನು. "ಪೂಜೆಯ ಖಣ ಅಷ್ಟೇ."

ಪುಣೆಯವರಿಗೆ ನಂಬಿಕೆ ಬರಲಿಲ್ಲ. ಖಡ್ಗ ಆ ತಾಯಿಯದೇ ಎಂದು ತಿಳಿದು, ಅದೇ ಮಾತನ್ನು ಅವರನ್ನೂ ಕೇಳಲು ಭಾಯಿಗೆ ಹೇಳಿದರು. ಭಾಯಿ ನೆಲ ನೋಡುತ್ತಲೇ ಕನ್ನಡದಲ್ಲಿ ಕೇಳಿದ. ಆ ತಾಯಿ ಚೀಲದ ಬಾಯಿ ಬಿಚ್ಚುತ್ತ, "ಮಾಸ್ತರ ಹೇಳಿದ್ರಲ್ರಿ," ಎಂದರು. ಅಷ್ಟೇ.

ಪುಣೆಯವರು ಹಿಡಿಕೆ ಕೂಡಿಸಿ, ನಮಸ್ಕಾರ ಮಾಡಿ ಹೊರಟರು. ಆ ತಾಯಿ ಖಡ್ಗವನ್ನು ಚೀಲಕ್ಕೆ ಇಳಿಸಿ, ಸೆರಗಿನ ಗಂಟಿನಿಂದ ಬನ್ನಿ ಎಲೆ ತೆಗೆದು ನನ್ನ ಕೈಯಲ್ಲಿಟ್ಟರು. "ಬಂಗಾರದಂಗ ಇರೂಣ್ರಿ," ಎಂದರು. ಹಿರಿಯರು ಬನ್ನಿ ಕೊಟ್ಟರೆ ಬಾಗಿ ಕಾಲು ಮುಟ್ಟಬೇಕು. ನನ್ನ ಸೊಂಟ ಬಾಗಲಿಲ್ಲ.

ಅವರೆಲ್ಲ ಹೋದ ಮೇಲೆ ಹಿನ್ನೀರಿಗೆ ಓಡಿದೆ. ಹೂವಿನ ಒಂದು ಎಸಳೂ ಇರಲಿಲ್ಲ. ಇಡೀ ಊರನ್ನೇ ನುಂಗಿ ಸುಮ್ಮನೆ ಮಲಗಿದ ನೀರು ಅದು, ಅಂಗೈ ಅಗಲದ ಚಿಂದಿಯನ್ನು ನನಗಾಗಿ ಇಟ್ಟುಕೊಂಡಿರುತ್ತದೆಯೇ? ಊರೆಲ್ಲ ಬಿಸಾಡಿದ್ದನ್ನು ಉಳಿಸಿದವನು ನಾನು ಎಂದು ಮೆರೆಯುತ್ತಿದ್ದೆನಲ್ಲ, ಗುಜರಿಗೆ ಹಾಕಿದವರೇ ನನಗಿಂತ ವಾಸಿ. ಅವರು ಯಾರಿಗೂ ಹೂಂ ಎಂದು ಮಾತು ಕೊಟ್ಟಿರಲಿಲ್ಲ. ಭಾಯಿ ಅಂದಿನಿಂದ ಪ್ರದರ್ಶನಕ್ಕೆ ಬರುವುದನ್ನು ಬಿಟ್ಟ. ಕರೆದರೆ, "ಅಂಗಡ್ಯಾಗ ಕೆಲಸ ಐತ್ರಿ ಮಾಸ್ತರ್," ಎನ್ನುತ್ತಾನೆ.

ಇದಿಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಡಾಕ್ಟರ ಪಡಸಾಲೆಯಲ್ಲಿ ಗಿರಮಿಟ್ಟು ಅಗಿಯುತ್ತಿದ್ದೆ. ಆಗುವುದಿಲ್ಲ ಎನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳುವ ಧೈರ್ಯ ಇರಲಿಲ್ಲ. ಮರುದಿನ ಎಲ್ಲರೂ ಮತ್ತೆ ಅಲ್ಲಿಯೇ ಕೂಡುವುದು, ಅಷ್ಟರಲ್ಲಿ ನಾನು ಇಳಕಲ್ಲಿಗೆ ಹೋಗಿ ಕೇಳಿ ಬರುವುದು ಎಂದಾಯಿತು.

ಮರುದಿನ ಮುಂಜಾನೆ ಹೋದೆ. ಪವರ್‌ಲೂಮುಗಳ ಅದೇ ಗದ್ದಲ, ಹಿಂದಿನ ಕೋಣೆಯಲ್ಲಿ ಅದೇ ಮಗ್ಗ. ಬೆರಳು ಈಗ ಮೊದಲಿನಷ್ಟು ಚುರುಕಾಗಿರಲಿಲ್ಲ, ಆದರೂ ಕೊಂಡಿ ಹಾಕುತ್ತಿದ್ದರು. ಜಗಲಿಯ ಮೇಲೆ ಖಡ್ಗವಿತ್ತು, ಮೂರು ವರ್ಷದ ಹಿಂದೆ ನಾನು ಕಟ್ಟಿದ ಹಸಿರು ಖಣ ಹಾಗೇ ಇತ್ತು. ಅದರ ಮೇಲುಗಡೆ ಗೋಡೆಗೆ ನಮ್ಮ ಕರಪತ್ರ ಅಂಟಿಸಿದ್ದರು. ಫೋಟೋದಲ್ಲಿ ಆ ಕಂದು ಅರಿವೆ ಇದೆ. ದಿನಾಲೂ ಅದೇ ಜಾಗಕ್ಕೆ ಕುಂಕುಮ ಹಚ್ಚಿ ಹಚ್ಚಿ ಕಾಗದ ತೂತು ಬೀಳುವ ಹಾಗಾಗಿತ್ತು.

ಚಹಾ ತಂದುಕೊಟ್ಟರು. ನಾನು ಲೋಟ ಕೆಳಗಿಟ್ಟು ಹೇಳಿಬಿಟ್ಟೆ. ಕತ್ತರಿಸಿದ್ದು, ನೀರಿಗೆ ಬಿಟ್ಟದ್ದು, ಸುಳ್ಳು ಹೇಳಿದ್ದು, ಎಲ್ಲ. ಅರವತ್ತು ದಾಟಿದ ಗಂಡಸು ಸಾಲಿ ಹುಡುಗನಂತೆ ಮೂಗು ಒರೆಸಿಕೊಂಡೆ.

"ನನಗ ಅವತ್ತೇ ತಿಳೀತ್ರಿ," ಎಂದರು ಅವರು, ಎಳೆಯಿಂದ ಕಣ್ಣು ತೆಗೆಯದೆ. "ಗಂಟ ಹಾಕೂದ ನನ್ನ ಕೆಲಸ. ಯಾರ ಗಂಟು ಯಾವುದು ಅಂತ ಬಾಗಲದಾಗ ನಿಂತ ಗೊತ್ತಾತು."

"ಮತ್ತ ಅವರ ಮುಂದ ಯಾಕ ಹೇಳಲಿಲ್ಲರಿ ಅವ್ವಾರ?"

"ಪರಊರಿನವರ ಮುಂದ ಸಾಲಿ ಮಾಸ್ತರಗ ನೀವು ಸುಳ್ಳಾಡ್ತೀರಿ ಅಂತ ಹೆಂಗ ಅನ್ಲಿ?" ಒಂದು ಎಳೆ ಎಳೆದು ಕಟ್ಟಿದರು, ಮತ್ತೊಂದು ಹಿಡಿದರು. "ನಮ್ಮ ಮಾವಾರು ಸಾಯೂತನಕಾ ಕಾದ್ರು. ಆಮ್ಯಾಲೆ ನಾ ನಲವತ್ತ ವರ್ಷ ಕಾದ್ನಿ. ಮನ್ಯಾಗ ಮಕ್ಕಳು ಮರಿ, ಒಂದ ಕೂಸಿನ ಕೈಯೂ ಹತ್ತಗೊಡಲಿಲ್ಲ. ನಿಮಗ ನಾಕ ದಿನಕ್ಕ ಕೊಟ್ಟಿದ್ನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನ್ನನ್ನು ಸುಟ್ಟಿತು. ಎದ್ದು ನಿಂತೆ. ಬಂದ ಕೆಲಸ ಏನೆಂದು ಅವರೇ ಕೇಳಿದರು. ಹೋಟೆಲಿನ ಮಾತು, ಕಾಯಂ ಪ್ರದರ್ಶನದ ಮಾತು ತೊದಲುತ್ತ ಹೇಳಿದೆ. ಕೇಳಲೆಂದು ಕಳಿಸಿದ್ದಾರೆ, ನೀವು ಕೊಡುವುದು ಬೇಡ ಎಂದೂ ಹೇಳಿದೆ.

ಅವರು ಮೊದಲ ಸಲ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಒಯ್ರಿ," ಎಂದರು. "ಇನ್ನ ಅದರಾಗ ಕಾಯೂದು ಏನೈತಿ? ಕಬ್ಬಿಣ."

ಮುಟ್ಟಲಾಗಲಿಲ್ಲ. ಹಾಗೆಯೇ ಹೊರಗೆ ಬಂದು ಹುನಗುಂದದ ಬಸ್ಸು ಹತ್ತಿದೆ. ಡಾಕ್ಟರ ಪಡಸಾಲೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ನಿಜ ಹೇಳುತ್ತೇನೆ ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಒಬ್ಬರ ಮುಂದೆ ಹೇಳಿದ್ದಾಗಿದೆ, ಇನ್ನು ಏಳು ಜನರ ಮುಂದೆ ಹೇಳುವುದೇನು ದೊಡ್ಡದು ಎಂದುಕೊಂಡಿದ್ದೆ. ಡಾಕ್ಟರು ಕುರ್ಚಿ ಸರಿಸಿಕೊಟ್ಟು, "ಏನಂದ್ರು ಮಾಸ್ತರ?" ಎಂದರು.

"ಕೊಡಾಂಗಿಲ್ಲ ಅಂದ್ರು," ಎಂದೆ.

ಪಡಸಾಲೆಯಲ್ಲಿ ಉಸ್ಸೆಂದರು. ಹಾಗಾದರೆ ಹೋಟೆಲಿನವರಿಗೆ ಬೇಡವೆಂದು ತಿಳಿಸುವುದು, ನವನಗರದ ಭವನಕ್ಕೂ ಇನ್ನು ಓಡಾಡುವುದು ಬೇಡ, ಅವರವರ ಸಾಮಾನು ಅವರವರ ಮನೆಯಲ್ಲಿರಲಿ ಎಂದು ಐದೇ ನಿಮಿಷದಲ್ಲಿ ಮುಗಿಸಿದರು. ನಮ್ಮ ಪ್ರದರ್ಶನ ಅಲ್ಲಿಗೆ ಮುಗಿಯಿತು. ಒಬ್ಬರು ಆ ಮುದುಕಿಗೆ ಹಟ ಎಂದರು. ಮತ್ತೊಬ್ಬರು, ಜಗಲಿ ಮೇಲೆ ಇಟ್ಟುಕೊಂಡು ತುಕ್ಕು ಹಿಡಿಸುತ್ತಾಳೆ ಎಂದರು.

"ಅದರ ಕಿಮ್ಮತ್ತು ಆಕಿಗೆ ಏನ ಗೊತ್ತು ಬಿಡ್ರಿ," ಎಂದರು ಡಾಕ್ಟರು, ನನ್ನ ಕಡೆ ತಿರುಗಿ.

ನಾನು ಹೌದೆಂದು ಗೋಣು ಹಾಕಿದೆ.